ಮುಂದೇನಾಯಿತು: ಕನ್ನಡ ಕಾದಂಬರಿ ಮತ್ತು ಓದಿನ ಸುಖ



ನಮ್ಮ ವಿಮರ್ಶೆಯಲ್ಲಿ ಒಂದು ಕಾದಂಬರಿ ‘ಓದಿಸಿಕೊಂಡು ಹೋಗುತ್ತದೆ’ ಎಂದು ಬರೆದರೆ ಲೇಖಕರು ಸಂತೋಷಪಡುವ ಮೊದಲು ಮುಂದಿನ ವಾಕ್ಯವನ್ನು ನೋಡಿಕೊಳ್ಳುತ್ತಾರೆ. ಆ ವಾಕ್ಯ ಸಾಮಾನ್ಯವಾಗಿ ‘ಆದರೆ’ ಎಂದು ಶುರುವಾಗುತ್ತದೆ. ಓದಿಸಿಕೊಂಡು ಹೋಗುತ್ತದೆ, ಆದರೆ ಆಳವಿಲ್ಲ. ಪಾತ್ರಗಳು ಆಪ್ತವಾಗುತ್ತವೆ, ಆದರೆ ಹೊಸ ನೋಟವಿಲ್ಲ. ಓದುಗ ರಾತ್ರಿ ನಿದ್ದೆಗೆಟ್ಟು ಪುಸ್ತಕ ಮುಗಿಸಿದನೆಂಬುದು ಆ ಪುಸ್ತಕದ ಮೇಲೆ ಹೊರಿಸಬಹುದಾದ ಆರೋಪವೇ ಆಗಿಬಿಟ್ಟಿದೆ. ಈ ಸಂಶಯ ಎಲ್ಲಿಂದ ಬಂತು, ಅದಕ್ಕೆ ನಮ್ಮ ಒಳ್ಳೆಯ ಕಾದಂಬರಿಗಳೇ ಏನು ಉತ್ತರ ಕೊಡುತ್ತವೆ ಎಂಬುದನ್ನು ಈ ಉಪನ್ಯಾಸದಲ್ಲಿ ಪರಿಶೀಲಿಸಬೇಕೆಂದಿದ್ದೇನೆ. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಕಥೆಯ ಸೆಳೆತ ಮತ್ತು ಪಾತ್ರದ ಆಪ್ತತೆ ಓದುಗನನ್ನು ಒಳಗೆ ಕರೆದುಕೊಳ್ಳಲು ಹಾಕಿದ ತೋರಣಗಳೆಂದು ನಾವು ತಿಳಿದಿದ್ದೇವೆ. ನಿಜದಲ್ಲಿ ಕಾದಂಬರಿ ತನ್ನ ಅತ್ಯಂತ ಗಂಭೀರ ಕೆಲಸವನ್ನು ಮಾಡುವುದು ಈ ಎರಡರ ಮೂಲಕವೇ. ನಾವು ಏನನ್ನು ಬಯಸಿದೆವು, ಯಾರ ಪಕ್ಷ ವಹಿಸಿದೆವು ಎಂಬುದಕ್ಕೆ ಅದು ನಮ್ಮಿಂದಲೇ ಲೆಕ್ಕ ಕೇಳುತ್ತದೆ.

ಕನ್ನಡದಲ್ಲಿ ಗದ್ಯ ಓದುವವರ ಒಂದು ಸಮುದಾಯ ಹುಟ್ಟಿದ್ದೇ ಕುತೂಹಲದಿಂದ. ಬಿ. ವೆಂಕಟಾಚಾರ್ಯರು ಬಂಗಾಳಿಯಿಂದ ಬಂಕಿಮಚಂದ್ರರ ಕಾದಂಬರಿಗಳನ್ನು ತಂದರು. ಗಳಗನಾಥರು ಮರಾಠಿಯ ಹರಿ ನಾರಾಯಣ ಆಪಟೆಯವರನ್ನು ಕನ್ನಡಿಸಿದರು, ತಾವೂ ಬರೆದರು, ಪುಸ್ತಕದ ಗಂಟನ್ನು ಹೊತ್ತು ಊರೂರು ತಿರುಗಿ ಮಾರಿದರು. ಆ ಗಂಟಿನಲ್ಲಿದ್ದದ್ದು ಕೋಟೆ, ಸಂಚು, ಅಪಹರಣ, ಪುನರ್ಮಿಲನಗಳ ಕಥೆಗಳು. ಆಮೇಲೆ ಎನ್. ನರಸಿಂಹಯ್ಯನವರು ಬಂದರು. ಪತ್ತೇದಾರ ಪುರುಷೋತ್ತಮನನ್ನು ಸೃಷ್ಟಿಸಿದ ಅವರ ನೂರಾರು ಕಾದಂಬರಿಗಳು ಎಷ್ಟು ಜನರಿಗೆ ಅಕ್ಷರದ ಅಭ್ಯಾಸ ಹಿಡಿಸಿದವೆಂದು ಯಾರೂ ಲೆಕ್ಕ ಇಟ್ಟಿಲ್ಲ. ಅ.ನ.ಕೃ., ತ.ರಾ.ಸು., ತ್ರಿವೇಣಿ, ಎಂ.ಕೆ. ಇಂದಿರಾ ಇವರ ಪುಸ್ತಕಗಳು ಬಡಾವಣೆಯ ಸರ್ಕ್ಯುಲೇಟಿಂಗ್ ಲೈಬ್ರರಿಗಳಲ್ಲಿ ರಟ್ಟು ಬದಲಾಯಿಸಿಕೊಳ್ಳುತ್ತ, ಪುಟದ ಮೂಲೆಗಳು ಬೆರಳಿನ ಎಣ್ಣೆಗೆ ಕಂದಾಗುತ್ತ ಕೈಯಿಂದ ಕೈಗೆ ಹೋದವು. 1965ರಲ್ಲಿ ಆರಂಭವಾದ ‘ಸುಧಾ’ದಂಥ ವಾರಪತ್ರಿಕೆಗಳು ಧಾರಾವಾಹಿಯನ್ನು ಮನೆಮನೆಯ ಮಾತಾಗಿಸಿದವು. ವಾರಕ್ಕೊಂದು ಕಂತು, ಕಂತಿನ ಕೊನೆಗೆ ಒಂದು ಗಂಟು, ಏಳು ದಿನ ಊಹೆ. ಅಡುಗೆಮನೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಆಫೀಸಿನ ಊಟದ ಹೊತ್ತಿನಲ್ಲಿ ನಡೆದ ಆ ಊಹೆಗಳೂ ಒಂದು ಬಗೆಯ ವಿಮರ್ಶೆಯೇ. ಅದು ಎಲ್ಲೂ ಅಚ್ಚಾಗಲಿಲ್ಲ, ಅಷ್ಟೆ.

ಹಾಗಿದ್ದರೆ ಸಂಶಯ ಏಕೆ? ಅದನ್ನು ಬೆಳೆಸಿದ ನವ್ಯ ಲೇಖಕರಿಗೆ ನ್ಯಾಯ ಸಲ್ಲಿಸಿಯೇ ಮುಂದುವರಿಯಬೇಕು. ಧಾರಾವಾಹಿಯ ಬೇಡಿಕೆ ಹೆಚ್ಚಿದಂತೆ ಅಚ್ಚಿನಲ್ಲಿ ಎರೆದ ಕಥೆಗಳೂ ಹೆಚ್ಚಿದವು. ಬಡ ನಾಯಕ, ಶ್ರೀಮಂತ ನಾಯಕಿ, ಕೊನೆಯ ಅಧ್ಯಾಯದಲ್ಲಿ ಸರಿಯಾಗಿ ಬರುವ ಕ್ಷಯ ಅಥವಾ ಕಾರು ಅಪಘಾತ. ಮನುಷ್ಯನ ಒಳಗಿನ ತೊಡಕನ್ನು ಹಿಡಿಯಲು ಹೊರಟವರಿಗೆ ಇದು ಸುಳ್ಳೆನ್ನಿಸಿದ್ದು ಸಹಜ. ಘಟನೆಯಿಂದ ಪ್ರಜ್ಞೆಯ ಕಡೆಗೆ, ಏನಾಯಿತು ಎಂಬುದರಿಂದ ಹೇಗನ್ನಿಸಿತು ಎಂಬುದರ ಕಡೆಗೆ ಅವರು ತಿರುಗಿದರು. ತಿರುಗಿದ್ದರಿಂದ ಕನ್ನಡಕ್ಕೆ ಲಾಭವಾಯಿತು. ಆದರೆ ಅದರ ಬೆನ್ನಿಗೇ ಒಂದು ಅಪಕಲ್ಪನೆಯೂ ಬೆಳೆಯಿತು: ಕಥಾಹಂದರ ಬಿಗಿಯಾಗಿದ್ದಷ್ಟೂ ಕೃತಿ ತೆಳುವಾಗಿರಲೇಬೇಕು ಎಂದು.

ಈ ಅಪಕಲ್ಪನೆಯನ್ನು ಒಡೆಯಲು ನವ್ಯದ ಮೇರುಕೃತಿಯೆಂದು ನಾವೆಲ್ಲ ಒಪ್ಪಿರುವ, ಅನಂತಮೂರ್ತಿಯವರ ‘ಸಂಸ್ಕಾರ’ವೊಂದೇ ಸಾಕು. 1965ರ ಆ ಕಾದಂಬರಿಯನ್ನು ಅಸ್ತಿತ್ವವಾದದ, ಬ್ರಾಹ್ಮಣ್ಯದ ವಿಮರ್ಶೆಯ ಕೃತಿಯೆಂದು ತರಗತಿಗಳಲ್ಲಿ ಕಲಿಸಿದ್ದೇವೆ. ಅದರ ಯಂತ್ರವನ್ನು ಬಿಚ್ಚಿ ನೋಡಿ. ಅಗ್ರಹಾರದಲ್ಲಿ ನಾರಣಪ್ಪ ಸತ್ತಿದ್ದಾನೆ. ಹೆಣ ಎತ್ತುವವರೆಗೆ ಯಾರೂ ಊಟ ಮಾಡುವಂತಿಲ್ಲ. ಎತ್ತಬೇಕಾದವರು ಯಾರೆಂಬುದು ಇತ್ಯರ್ಥವಾಗುತ್ತಿಲ್ಲ. ಬೇಸಿಗೆಯಲ್ಲಿ ಹೆಣ ಕೊಳೆಯುತ್ತಿದೆ, ಇಲಿಗಳು ಬೀಳುತ್ತಿವೆ, ಹಸಿವು ಹೆಚ್ಚುತ್ತಿದೆ. ಪತ್ತೇದಾರಿ ಲೇಖಕರು ಹೊಟ್ಟೆಕಿಚ್ಚುಪಡಬೇಕಾದ ಕಟ್ಟು ಇದು; ಗಡಿಯಾರ ಮೊದಲ ಪುಟದಿಂದಲೇ ಓಡುತ್ತದೆ. ಮಧ್ಯದಲ್ಲಿ ಅನಂತಮೂರ್ತಿಯವರು ಇನ್ನೊಂದು ಕೆಲಸ ಮಾಡುತ್ತಾರೆ. ನಾರಣಪ್ಪನ ಜೊತೆಗೆ ಬಾಳಿದ ಚಂದ್ರಿ ಗುಟ್ಟಾಗಿ, ಒಬ್ಬ ಮುಸಲ್ಮಾನನ ನೆರವಿನಿಂದ ಹೆಣವನ್ನು ಸುಡಿಸಿಬಿಡುತ್ತಾಳೆ. ಅದು ಓದುಗನಿಗೆ ಗೊತ್ತು, ಅಗ್ರಹಾರಕ್ಕೆ ಗೊತ್ತಿಲ್ಲ. ಆಮೇಲೆ ಬ್ರಾಹ್ಮಣರು ಮಾಡುವ ಪ್ರತಿಯೊಂದು ಚರ್ಚೆಯೂ ಇಲ್ಲದ ಹೆಣವನ್ನು ಕುರಿತದ್ದು. ಧರ್ಮಸೂಕ್ಷ್ಮದ ಪೊಳ್ಳುತನವನ್ನು ಹತ್ತು ಪುಟದ ಪ್ರಬಂಧದಲ್ಲಿ ಹೇಳಿದ್ದರೆ ನಾವು ತಲೆಯಾಡಿಸಿ ಮರೆಯುತ್ತಿದ್ದೆವು. ಕಥೆಯ ಈ ಒಂದು ತಿರುವು ಅದನ್ನು ಮರೆಯದಂತೆ ಮಾಡಿತು. ಇಲ್ಲಿ ಕಥಾಹಂದರವನ್ನೂ ಚಿಂತನೆಯನ್ನೂ ಬೇರೆ ಮಾಡಿ ತೋರಿಸಲು ನನ್ನಿಂದಂತೂ ಆಗದು.

ತಾತ್ತ್ವಿಕ ನೆಲೆಯನ್ನು ಸ್ವಲ್ಪ ನೋಡೋಣ. ಗ್ರೀಕರ ಅರಿಸ್ಟಾಟಲ್ ದುರಂತ ನಾಟಕದ ಪ್ರಾಣವೇ ಕಥಾವಿನ್ಯಾಸ ಎಂದ. ನಮ್ಮ ನಾಟ್ಯಶಾಸ್ತ್ರ ಇತಿವೃತ್ತವನ್ನು ನಾಟ್ಯದ ಶರೀರ ಎಂದು ಕರೆದು, ಅದನ್ನು ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣ ಎಂದು ಐದು ಸಂಧಿಗಳಾಗಿ ವಿಂಗಡಿಸಿತು. ಬೀಜ ಬಿದ್ದು, ಕಂಡೂ ಕಾಣದೆ ಮರೆಯಾಗಿ, ಸಂಶಯಕ್ಕೆ ಸಿಕ್ಕಿ, ಕೊನೆಗೆ ಫಲಿಸುವ ಕ್ರಮ ಅದು. ಪ್ರಾಣವೋ ಶರೀರವೋ ಎಂಬ ಜಗಳ ಬಿಡಿ. ಇಬ್ಬರೂ ಕಥೆಯನ್ನು ಹೊದಿಕೆ ಎಂದು ಮಾತ್ರ ಕರೆಯಲಿಲ್ಲ. ಕಥೆಯ ಬಗೆಗಿನ ಮುಜುಗರ ಇತ್ತೀಚಿನದು. ಇಂಗ್ಲೆಂಡಿನ ಇ.ಎಂ. ಫಾರ್ಸ್ಟರ್ 1927ರಲ್ಲಿ ಕೇಂಬ್ರಿಜ್‌ನಲ್ಲಿ ಕಾದಂಬರಿಯ ಅಂಗಗಳ ಬಗ್ಗೆ ಉಪನ್ಯಾಸಗಳನ್ನು ಕೊಟ್ಟರು. ಕಾದಂಬರಿ ಕಥೆ ಹೇಳುತ್ತದೆಂಬುದನ್ನು ಅಲ್ಲಿ ಅವರು ನಿಟ್ಟುಸಿರಿನೊಂದಿಗೆ ಒಪ್ಪಿಕೊಂಡರು. ಮುಂದೇನಾಯಿತು ಎಂಬ ಕುತೂಹಲವನ್ನು ಆದಿಮಾನವನ ಮಟ್ಟದ್ದೆಂದು ಎಣಿಸಿ, ಏಕೆ ಹಾಗಾಯಿತು ಎಂದು ಕೇಳುವ ಕಥಾವಿನ್ಯಾಸವನ್ನು ಅದಕ್ಕಿಂತ ಮೇಲೆ ಇಟ್ಟರು. ಈ ಭೇದ ಉಪಯುಕ್ತ. ಆದರೆ ಕನ್ನಡದ ಕೇಳುಗ ಪರಂಪರೆಯಲ್ಲಿ ಬೆಳೆದವರಿಗೆ ಈ ಮೇಲು ಕೀಳು ಅಷ್ಟು ಸುಲಭವಾಗಿ ಒಪ್ಪಿಗೆಯಾಗದು.

ಕಾರಣ ಸ್ಪಷ್ಟ. ತಾಳಮದ್ದಳೆಯ ಕರ್ಣಪರ್ವಕ್ಕೆ ಕೂತವರಲ್ಲಿ ಕರ್ಣ ಸಾಯುತ್ತಾನೆಂದು ತಿಳಿಯದವರು ಯಾರೂ ಇರುವುದಿಲ್ಲ. ಗಮಕಿ ಕುಮಾರವ್ಯಾಸನ ಉದ್ಯೋಗಪರ್ವವನ್ನು ವಾಚಿಸುವಾಗ ಕೃಷ್ಣನ ಸಂಧಾನ ಮುರಿಯುತ್ತದೆಂದು ಮಕ್ಕಳಿಗೂ ಗೊತ್ತು. ಆದರೂ ಬೆಳಗಿನ ಜಾವದವರೆಗೆ ಯಾರೂ ಏಳುವುದಿಲ್ಲ. ಕುತೂಹಲಕ್ಕೆ ಮಾಹಿತಿಯ ಕೊರತೆಯೇ ಬೇಕಿಲ್ಲವೆಂದಾಯಿತು. ಗೊತ್ತಿರುವ ಅಂತ್ಯಕ್ಕೆ ಈ ಮನುಷ್ಯ ಯಾವ ದಾರಿಯಲ್ಲಿ, ಯಾವ ಮಾತಾಡುತ್ತ, ಯಾವ ಅವಕಾಶವನ್ನು ಕೈಬಿಡುತ್ತ ನಡೆದುಹೋಗುತ್ತಾನೆ ಎಂಬುದರ ಕಾತರ ಅದು. ಭೈರಪ್ಪನವರ ‘ಪರ್ವ’ 1979ರಿಂದ ಇವತ್ತಿನವರೆಗೂ ಓದಿಸಿಕೊಳ್ಳುತ್ತಿರುವುದು ಈ ಕಾತರದ ಬಲದಿಂದಲೇ. ಎಲ್ಲರಿಗೂ ಗೊತ್ತಿರುವ ಕಥೆಯನ್ನು ಒಬ್ಬೊಬ್ಬರ ನೆನಪಿನ ಒಳಗಿನಿಂದ ಹೇಳಿಸಿ ಅವರು ಅದನ್ನು ಮತ್ತೆ ಅನಿಶ್ಚಿತವಾಗಿಸಿದರು. ಕೊನೆಯ ಪುಟವನ್ನು ಮೊದಲೇ ಓದಿಬಿಡುವವರಿದ್ದಾರಲ್ಲ, ಅವರ ಮೇಲೆ ಅನೇಕರಿಗೆ ಸಿಟ್ಟು. ನನಗಿಲ್ಲ. ಕೊನೆ ಗೊತ್ತಾದೊಡನೆ ಸತ್ತುಹೋಗುವ ಕಾದಂಬರಿ ಬದುಕಿದ್ದಾಗಲೂ ಅಷ್ಟೇನೂ ಗಟ್ಟಿಮುಟ್ಟಾಗಿರಲಿಲ್ಲ ಎಂದೇ ನನ್ನ ಎಣಿಕೆ.

ಕನ್ನಡದಲ್ಲಿ ಕಥೆಯ ಬಗೆಗಿನ ಈ ಮುಜುಗರವನ್ನು ಸಲೀಸಾಗಿ ಕೊಡವಿಕೊಂಡವರು ಪೂರ್ಣಚಂದ್ರ ತೇಜಸ್ವಿ. ‘ಕರ್ವಾಲೊ’ದಲ್ಲಿ ಹುಡುಕಾಟ ಒಂದು ಹಾರುವ ಓತಿಗಾಗಿ. ಆದರೆ ಕಥೆ ಶುರುವಾಗುವುದು ಜೇನಿನ ವ್ಯವಹಾರದಿಂದ, ಮಂದಣ್ಣನ ಮದುವೆ, ಕಳ್ಳಭಟ್ಟಿ, ಕೋರ್ಟು ಕೇಸುಗಳಿಂದ. ಓತಿ ಸಿಗುತ್ತದೋ ಇಲ್ಲವೋ ಎಂದು ಕಾಯುತ್ತಿರುವಾಗಲೇ ವಿಜ್ಞಾನಿ, ಕೃಷಿಕ, ಬಿರಿಯಾನಿ ಕರಿಯಪ್ಪ, ನಾಯಿ ಕಿವಿ ಎಲ್ಲರೂ ಒಂದೇ ತಂಡವಾಗಿಬಿಡುತ್ತಾರೆ. ಯಾರೂ ‘ನಾವು ಒಂದಾದೆವು’ ಎಂದು ಭಾಷಣ ಮಾಡುವುದಿಲ್ಲ. 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಚಿದಂಬರ ರಹಸ್ಯ’ ಇನ್ನೂ ದಿಟ್ಟವಾದದ್ದು. ಏಲಕ್ಕಿ ಇಳುವರಿ ಕುಸಿದಿದೆ, ಒಬ್ಬ ವಿಜ್ಞಾನಿ ಸತ್ತಿದ್ದಾರೆ, ತನಿಖೆಗೆ ಅಧಿಕಾರಿಯೊಬ್ಬ ಕೆಸರೂರಿಗೆ ಬರುತ್ತಾನೆ. ಪತ್ತೇದಾರಿಯ ಚೌಕಟ್ಟೇ. ಓದುಗ ಕೊಲೆಗಾರನನ್ನು ಹುಡುಕುತ್ತ ಹೋದಂತೆ ಊರಿನ ಜಾತಿಯ ಲೆಕ್ಕಾಚಾರ, ಕೋಮಿನ ಪಿಸುಮಾತು, ಕಾಡಿನ ಕಳ್ಳಸಾಗಣೆ, ರಫಿ ಮತ್ತು ಜಯಂತಿಯರ ಪ್ರೇಮಕ್ಕೆ ಸುತ್ತಿಕೊಳ್ಳುವ ಹಗೆ ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ. ಯಾರು ಮಾಡಿದರು ಎಂಬ ಪ್ರಶ್ನೆ ನಮಗೆ ಅರಿವಾಗದಂತೆಯೇ ದೊಡ್ಡದಾಗಿ, ಈ ಊರಿನಲ್ಲಿ ಯಾರು ಮಾಡಲಿಲ್ಲ ಎಂಬ ಕಡೆಗೆ ಹೊರಳುತ್ತದೆ. ‘ಜುಗಾರಿ ಕ್ರಾಸ್’ನಲ್ಲಿ ಕಾಕತಾಳೀಯಗಳು ಸ್ವಲ್ಪ ಹೆಚ್ಚೇ ಆದವೆಂದು ನನಗೆ ಅನ್ನಿಸುತ್ತದೆ. ಆದರೆ ಏಲಕ್ಕಿ ಮಾರಿ ಬಂದ ಒಂದು ಯುವ ದಂಪತಿಯನ್ನು ಹೆಚ್ಚುಕಡಿಮೆ ಒಂದು ದಿನದ ಅವಧಿಯಲ್ಲಿ ಮಾಫಿಯಾದ ಬಾಯಿಗೆ ಅಟ್ಟುವ ಆ ವೇಗವಿಲ್ಲದಿದ್ದರೆ ಮಲೆನಾಡಿನ ಸರಳ ರೈತನ ಸುತ್ತ ಎಷ್ಟು ಬಲೆಗಳಿವೆಯೆಂಬುದು ನಮ್ಮ ಎದೆಬಡಿತಕ್ಕೆ ತಾಗುತ್ತಿರಲಿಲ್ಲ.

ಇನ್ನು ಪಾತ್ರದ ವಿಚಾರ. ‘ಈ ಪಾತ್ರ ನಮ್ಮ ಹಾಗೇ ಇದೆ’ ಎಂಬ ಮೆಚ್ಚುಗೆಯನ್ನು ಓದುಗರು ಬಹಳ ಸಲ ಹೇಳುತ್ತಾರೆ, ಪ್ರಕಾಶಕರು ಬೆನ್ನುಪುಟದಲ್ಲಿ ಅಚ್ಚು ಹಾಕಿಸುತ್ತಾರೆ. ಭಾರತೀಯ ಕಾವ್ಯಮೀಮಾಂಸೆ ಈ ಅನುಭವವನ್ನು ಬೇರೆಯೇ ರೀತಿಯಲ್ಲಿ ವಿವರಿಸಿತು. ಭಟ್ಟನಾಯಕ ಹೇಳಿದ, ಅಭಿನವಗುಪ್ತ ತನ್ನದೇ ರೀತಿಯಲ್ಲಿ ಮುಂದುವರಿಸಿದ ಸಾಧಾರಣೀಕರಣದ ಪ್ರಕಾರ, ದುಷ್ಯಂತನ ದುಃಖ ನನ್ನದೂ ಅಲ್ಲ, ಪರರದೂ ಅಲ್ಲ. ನೋಡುತ್ತಿರುವಷ್ಟು ಹೊತ್ತು ‘ನನ್ನದು’ ಎಂಬ ಬೇಲಿಯೇ ಸಡಿಲವಾಗುತ್ತದೆ. ಇದಕ್ಕೂ ಬೆನ್ನುಪುಟದ ಮಾತಿಗೂ ಇರುವ ಅಂತರವನ್ನು ಗಮನಿಸಬೇಕು. ಬೆನ್ನುಪುಟ ನನ್ನನ್ನು ನನ್ನ ಮನೆಯಲ್ಲೇ ಕೂರಿಸುತ್ತದೆ. ಸಾಧಾರಣೀಕರಣ ನನ್ನನ್ನು ಮನೆಯಿಂದ ಹೊರಗೆ ಕರೆತರುತ್ತದೆ. ತ್ರಿವೇಣಿಯವರ ‘ಶರಪಂಜರ’ದ ಕಾವೇರಿ ಮಾನಸಿಕ ಆಸ್ಪತ್ರೆಯಿಂದ ಗುಣವಾಗಿ ಮನೆಗೆ ಮರಳುತ್ತಾಳೆ. ಅವಳು ನಕ್ಕರೂ ಅನುಮಾನ, ಸುಮ್ಮನಿದ್ದರೂ ಅನುಮಾನ. ಆ ಕಾದಂಬರಿಯನ್ನು ಓದಿದ ಗೃಹಿಣಿಯರೆಲ್ಲ ಆಸ್ಪತ್ರೆಯಿಂದ ಬಂದವರಾಗಿರಲಿಲ್ಲ. ತಾವು ಏನು ಮಾಡಿದರೂ ಅದಕ್ಕೊಂದು ಅರ್ಥ ಹಚ್ಚುವ ಮನೆಯಲ್ಲಿ ಬದುಕಿದವರು ಮಾತ್ರ ಆಗಿದ್ದರು. ‘ಅಡುಗೆಮನೆ ಸಾಹಿತ್ಯ’ ಎಂದು ಮೂಗುಮುರಿದವರು ಈ ಸಂವಾದವನ್ನು ಕೇಳಿಸಿಕೊಳ್ಳಲೇ ಇಲ್ಲ.

ಆದರೆ ಸಮಕಾಲೀನ ಕನ್ನಡ ಕಾದಂಬರಿ ಪಾತ್ರದ ಆಪ್ತತೆಯನ್ನು ಇನ್ನೂ ಅಪಾಯಕಾರಿಯಾಗಿ ಬಳಸಿಕೊಂಡದ್ದನ್ನು ನಾನು ಕಂಡದ್ದು ವಿವೇಕ ಶಾನಭಾಗರ ‘ಘಾಚರ್ ಘೋಚರ್’ನಲ್ಲಿ. ಶ್ರೀನಾಥ್ ಪೇರೂರ್ ಅವರ ಇಂಗ್ಲಿಷ್ ಅನುವಾದ 2015ರಲ್ಲಿ ಬಂದ ಮೇಲೆ ಲೋಕವೆಲ್ಲ ಓದಿದ ಪುಟ್ಟ ಪುಸ್ತಕ ಅದು. ಬೆಂಗಳೂರಿನ ಒಂದು ಕಾಫಿ ಹೌಸ್‌ನಲ್ಲಿ ಕೂತು ಹೆಸರಿಲ್ಲದ ನಿರೂಪಕ ತನ್ನ ಕುಟುಂಬದ ಕಥೆ ಹೇಳುತ್ತಾನೆ. ಅಪ್ಪ ಮಾರಾಟದ ಕೆಲಸದಲ್ಲಿದ್ದವರು. ಇರುವೆಗಳಿಗೂ ಮನುಷ್ಯರಿಗೂ ಯುದ್ಧ ನಡೆಯುವ ಇಕ್ಕಟ್ಟಿನ ಮನೆ. ಚಿಕ್ಕಪ್ಪ ಶುರುಮಾಡಿದ ಸೋನಾ ಮಸಾಲಾ ವ್ಯವಹಾರ. ಒಮ್ಮೆಲೇ ಬಂದ ಹಣ. ಇಷ್ಟರವರೆಗೆ ಕನ್ನಡದ ಯಾವ ಮಧ್ಯಮ ವರ್ಗದ ಓದುಗನಿಗೂ ಇದು ತನ್ನದೇ ಮನೆಯ ಆಲ್ಬಮ್. ರಾತ್ರಿ ಅಪ್ಪ ದಿನದ ಲೆಕ್ಕ ತಾಳೆಯಾಗದೆ ಒದ್ದಾಡುವಾಗ ಇಡೀ ಮನೆ ಉಸಿರು ಬಿಗಿಹಿಡಿಯುವ ಪ್ರಸಂಗವನ್ನು ಓದಿ ಪ್ರೀತಿ ಬರದವರು ಯಾರು?

ಅಲ್ಲೇ ಲೇಖಕರು ಬಲೆ ಬೀಸಿರುವುದು. ದುಡಿಯುವ ಚಿಕ್ಕಪ್ಪನಿಗೆ ಕೇಳಿದಾಗಲೆಲ್ಲ ಟೀ ಸಿದ್ಧವಾಗುತ್ತದೆ. ಯಾಕಾಗಬಾರದು, ಎಂದುಕೊಳ್ಳುತ್ತೇವೆ. ಒಂದು ದಿನ ಒಬ್ಬ ಹೆಂಗಸು ಡಬ್ಬಿಯಲ್ಲಿ ಬೇಳೆಸಾರು ತಂದು ಚಿಕ್ಕಪ್ಪನನ್ನು ಕೇಳಿಕೊಂಡು ಬಾಗಿಲಿಗೆ ಬರುತ್ತಾಳೆ. ಅಮ್ಮ, ಅಕ್ಕ ಸೇರಿ ಅವಳನ್ನು ಬೈದು ಅಟ್ಟುತ್ತಾರೆ, ಸಾರು ನೆಲಕ್ಕೆ ಚೆಲ್ಲುತ್ತದೆ. ನಿರೂಪಕನಿಗೆ ಅದು ಸರಿಯೆನ್ನಿಸುವುದಿಲ್ಲ; ಆದರೆ ಅವನು ಸುಮ್ಮನಿರುತ್ತಾನೆ. ನಾವೂ ಪುಟ ತಿರುಗಿಸುತ್ತೇವೆ. ಮದುವೆಯಾಗಿ ಬಂದ ಅನಿತಾ ಮಾತ್ರ ಸುಮ್ಮನಿರುವುದಿಲ್ಲ. ತನ್ನ ಗಂಡ ಕೆಲಸವಿಲ್ಲದೆ ಸಂಬಳ ಪಡೆಯುವವನೆಂದು ಅವಳಿಗೆ ತಿಳಿಯುತ್ತದೆ, ಮನೆಯ ಪ್ರತಿಯೊಂದು ಏರ್ಪಾಟಿನ ಬುಡವನ್ನೂ ಅವಳು ಕೆದಕುತ್ತಾಳೆ. ನಿರೂಪಕನ ಕಿವಿಯಿಂದಲೇ ಕೇಳುತ್ತಿರುವ ನಮಗೆ ಒಂದು ಕ್ಷಣವಾದರೂ ಅವಳು ಸ್ವಲ್ಪ ಹೊಂದಿಕೊಂಡು ಹೋಗಬಾರದೇ ಅನ್ನಿಸುತ್ತದೆ. ಅವಳು ಊರಿಗೆ ಹೋಗಿದ್ದಾಳೆ, ಬರಬೇಕಿತ್ತು, ಬಂದಿಲ್ಲ. ಮನೆಯವರು ಊಟದ ನಂತರ ಹರಟುವ ಮಾತುಗಳು ಬೇರೆಯೇ ಬಣ್ಣ ತಳೆಯತೊಡಗುತ್ತವೆ. ಏನಾಯಿತೆಂದು ಕಾದಂಬರಿ ಹೇಳುವುದಿಲ್ಲ. ಹೇಳಬೇಕಾಗಿಯೂ ಇಲ್ಲ, ಏನಾಗಿರಬಹುದೆಂದು ಊಹಿಸಬಲ್ಲಷ್ಟು ನಾವು ಆ ಮನೆಯವರಾಗಿಬಿಟ್ಟಿದ್ದೇವೆ. ಇಷ್ಟು ಚಿಕ್ಕ ಕೃತಿ ಇಷ್ಟು ಭಯ ಹುಟ್ಟಿಸುವುದು ನಿರೂಪಕ ದುಷ್ಟನಾಗಿರುವುದರಿಂದ ಅಲ್ಲವೇ ಅಲ್ಲ. ಅವನು ಒಳ್ಳೆಯವನು, ಹಾಸ್ಯಪ್ರಜ್ಞೆಯುಳ್ಳವನು, ಸಂಕೋಚದವನು. ನಮಗೆ ಅವನು ಹಿಡಿಸಿದ್ದ.

ಶಾನಭಾಗರದೇ ‘ಸಕೀನಾಳ ಮುತ್ತು’ವಿನಲ್ಲಿ ಈ ಪ್ರಯೋಗ ಇನ್ನೊಂದು ದಿಕ್ಕಿಗೆ ಹೋಗುತ್ತದೆ. ಇಬ್ಬರು ಯುವಕರು ಬಾಗಿಲು ತಟ್ಟಿ ಮಗಳನ್ನು ಕೇಳುತ್ತಾರೆ. ಕೆಲವೇ ದಿನಗಳ ಆತಂಕದಲ್ಲಿ ವೆಂಕಟರಮಣನೆಂಬ ಸಭ್ಯ, ಉದಾರಿ, ವ್ಯಕ್ತಿತ್ವ ವಿಕಸನದ ಪುಸ್ತಕ ಓದುವ ಗಂಡಸಿನ ಸಿಪ್ಪೆ ಸುಲಿಯುತ್ತದೆ. ಮಗಳು ಎಲ್ಲಿ ಎಂಬ ಪ್ರಶ್ನೆ ನಮ್ಮನ್ನು ಎಳೆಯುತ್ತದೆ. ಎಳೆಯುವ ಹಾದಿಯಲ್ಲಿ ಅವನು ಹೆಂಡತಿಯ ಬಗ್ಗೆ, ಮಗಳ ಬಗ್ಗೆ, ಊರಿನ ಸೋದರಮಾವನ ಬಗ್ಗೆ ತಾನು ಕೇಳದೇ ಬಿಟ್ಟ ಪ್ರಶ್ನೆಗಳೆಲ್ಲ ಉದುರುತ್ತ ಬರುತ್ತವೆ. ಕೃತಿಯಾಗಿ ಇದು ‘ಘಾಚರ್ ಘೋಚರ್’ನಷ್ಟು ಬಿಗಿಯಾಗಿಲ್ಲ ಎಂಬುದು ನನ್ನ ಅಭಿಪ್ರಾಯ, ಆದರೆ ಈ ಕಾಲದ ಗಂಡಸಿನ ಒಳ್ಳೆಯತನದ ಬಗ್ಗೆ ಇದಕ್ಕಿಂತ ಹೆಚ್ಚು ಇರಿಯುವ ಪುಸ್ತಕ ಇತ್ತೀಚೆಗೆ ಕಂಡಿಲ್ಲ.

ಹತ್ತಿರದವರು ಹೀಗೆ ಅಪರಿಚಿತರಾಗುವುದು ಒಂದು ಬಗೆ. ದೂರದವರು ಹತ್ತಿರವಾಗುವುದು ಇನ್ನೊಂದು. ವಸುಧೇಂದ್ರರ ‘ತೇಜೋ ತುಂಗಭದ್ರಾ’ 2019ರಲ್ಲಿ ಬಂದಾಗ ಹೊಸ ತಲೆಮಾರಿನ ಓದುಗರು ಅದನ್ನು ಮುಗಿಬಿದ್ದು ಓದಿದರು. ಹದಿನೈದು, ಹದಿನಾರನೇ ಶತಮಾನ, ಒಂದು ಕಡೆ ಲಿಸ್ಬನ್ನಿನಲ್ಲಿ ಹರಿಯುವ ತೇಜೋ ನದಿ, ಇನ್ನೊಂದು ಕಡೆ ವಿಜಯನಗರದ ತುಂಗಭದ್ರೆ. ಯಹೂದಿ ಹುಡುಗಿ ಬೆಲ್ಲಾ, ಅವಳಿಗಾಗಿ ಹಣ ಗಳಿಸಲು ಹಡಗು ಹತ್ತುವ ಗೇಬ್ರಿಯಲ್, ಇತ್ತ ಹಂಪಮ್ಮ. ಧರ್ಮಾಂತರ, ಗುಲಾಮಗಿರಿ, ಸತಿ, ರಾಜನಿಗಾಗಿ ತಲೆ ಕೊಡುವ ಲೆಂಕರು. ನಮ್ಮ ಯಾರ ಅನುಭವಕ್ಕೂ ಬಂದ ಬದುಕಲ್ಲ ಇದು. ಆದರೂ ಹಡಗಿನ ಒಡಲಲ್ಲಿ ಗೇಬ್ರಿಯಲ್ ಇರುವಷ್ಟು ಹೊತ್ತು ಸಮುದ್ರ ಕಾಣದ ಬಳ್ಳಾರಿ ಸೀಮೆಯ ಓದುಗನಿಗೂ ಹೊಟ್ಟೆ ತೊಳಸುತ್ತದೆ. ಪರಿಚಿತವಾದದ್ದು ಮಾತ್ರ ಆಪ್ತವಾಗುತ್ತದೆ ಎಂಬ ಮಾತಿಗೆ ಈ ಜನಪ್ರಿಯತೆಯೇ ಉತ್ತರ. ಆಕ್ಷೇಪವೂ ಇದೆ. ಕ್ರೌರ್ಯದ ಪ್ರಸಂಗಗಳು ಒಂದರ ಬೆನ್ನಿಗೊಂದು ಬರುವಾಗ, ಅದೂ ಸಂಶೋಧನೆಯ ಟಿಪ್ಪಣಿ ಕೈಯಲ್ಲಿ ಹಿಡಿದು ಬರುವಾಗ, ಓದುಗನ ಮನಸ್ಸು ಜಡ್ಡುಗಟ್ಟುವ ಸಂಭವವಿದೆ. ಐತಿಹಾಸಿಕ ಕಾದಂಬರಿ ಬರೆಯುವ ಇಂದಿನ ಅನೇಕರಲ್ಲಿ ಈ ದೋಷ ಹೆಚ್ಚುತ್ತಿದೆ. ಓದಿ ತಿಳಿದದ್ದನ್ನೆಲ್ಲ ಹೇಳಲೇಬೇಕೆಂಬ ಹಟ ಕಥೆಯ ಕಾಲಿಗೆ ತೊಡರುತ್ತದೆ.

ಸೆಳೆತ ಒಂದು ಸದ್ಗುಣವೆಂದ ಮಾತ್ರಕ್ಕೆ ಎಲ್ಲ ಸೆಳೆತವೂ ಪ್ರಾಮಾಣಿಕವೆಂದು ನಾನು ಹೇಳುತ್ತಿಲ್ಲ. ಓದುಗನಿಗೆ ತಿಳಿಯಬೇಕಾದದ್ದನ್ನು ನಿರೂಪಕ ಸುಮ್ಮಸುಮ್ಮನೆ ಬಚ್ಚಿಟ್ಟು ಕೊನೆಯ ಅಧ್ಯಾಯದಲ್ಲಿ ಜೇಬಿನಿಂದ ತೆಗೆದರೆ ಅದು ಮೋಸ. ‘ಘಾಚರ್ ಘೋಚರ್’ನ ನಿರೂಪಕನೂ ಬಚ್ಚಿಡುತ್ತಾನಲ್ಲ ಎಂದು ಕೇಳಬಹುದು. ಅವನು ಬಚ್ಚಿಡುವುದು ತನ್ನಿಂದಲೇ. ಆ ಬಚ್ಚಿಡುವಿಕೆಯೇ ಅವನ ಸ್ವಭಾವ, ಅದೇ ಕಾದಂಬರಿಯ ವಸ್ತು. ಹಾಗೆಯೇ ಓದುಗ ಈಗಾಗಲೇ ನಂಬಿರುವುದನ್ನೇ ಅವನಿಗೆ ಇಷ್ಟವಾಗುವ ಪಾತ್ರದ ಬಾಯಲ್ಲಿ ಹೇಳಿಸಿ ಚಪ್ಪಾಳೆ ಗಿಟ್ಟಿಸುವ ಕಾದಂಬರಿಗಳು ಎಡದಲ್ಲೂ ಇವೆ, ಬಲದಲ್ಲೂ ಇವೆ. ಅವೂ ಬಿಡದೆ ಓದಿಸುತ್ತವೆ, ಮರುಮುದ್ರಣ ಕಾಣುತ್ತವೆ. ಅವುಗಳಲ್ಲಿ ಪುಟ ತಿರುಗುತ್ತದೆ, ಓದುಗ ಮಾತ್ರ ಇದ್ದಲ್ಲೇ ಇರುತ್ತಾನೆ.

ಈ ವ್ಯತ್ಯಾಸವನ್ನು ಗುರುತಿಸುವ ಕೆಲಸ ನಡೆಯಬೇಕಾದದ್ದು ತರಗತಿಗಳಲ್ಲಿ. ಅಲ್ಲಿ ನಾವು ಕೇಳುವ ಪ್ರಶ್ನೆಗಳು ಮಾಮೂಲಿ: ಕಾದಂಬರಿಯ ಆಶಯವೇನು, ಸಾಮಾಜಿಕ ಹಿನ್ನೆಲೆ ಯಾವುದು, ಸ್ತ್ರೀ ಪಾತ್ರಗಳನ್ನು ವಿವರಿಸಿ. ಪುಸ್ತಕ ಓದದೆಯೂ ಗೈಡ್ ನೋಡಿ ಉತ್ತರಿಸಬಹುದಾದ ಪ್ರಶ್ನೆಗಳು ಇವು. ಬದಲಿಗೆ ‘ಚಿದಂಬರ ರಹಸ್ಯ’ವನ್ನು ಅರ್ಧಕ್ಕೆ ನಿಲ್ಲಿಸಿ, ಈಗ ನಿಮಗೆ ಯಾರ ಮೇಲೆ ಅನುಮಾನ, ಆ ಅನುಮಾನ ಯಾವ ಪುಟದಲ್ಲಿ ಹುಟ್ಟಿತು, ಆ ಮನುಷ್ಯನ ಜಾತಿಯೋ ಧರ್ಮವೋ ನಿಮಗೆ ಆಗ ನೆನಪಿತ್ತೇ ಎಂದು ಕೇಳಬಹುದು. ‘ಘಾಚರ್ ಘೋಚರ್’ನ ಬೇಳೆಸಾರು ಚೆಲ್ಲಿದ ಪುಟದಲ್ಲಿ ಪುಸ್ತಕ ಮುಚ್ಚಿಸಿ, ನಿರೂಪಕ ಈಗ ಏನು ಮಾಡಬೇಕಿತ್ತು, ಅವನು ಮಾಡಲಿಲ್ಲವೆಂದು ನೀವು ಪುಸ್ತಕ ಕೆಳಗಿಟ್ಟಿರಾ ಎಂದು ಕೇಳಬಹುದು. ಇದಕ್ಕೆ ಗೈಡಿನಲ್ಲಿ ಉತ್ತರವಿಲ್ಲ. ವಿದ್ಯಾರ್ಥಿ ತಾನು ಹೇಗೆ ಓದಿದೆನೆಂದು ನೆನಪಿಸಿಕೊಂಡೇ ಉತ್ತರಿಸಬೇಕು. ಇಂಥ ಪ್ರಶ್ನೆಪತ್ರಿಕೆಗೆ ಅಂಕ ಕೊಡುವುದು ಹೇಗೆಂದು ಅಧ್ಯಾಪಕ ಮಿತ್ರರು ಕೇಳುವುದು ನ್ಯಾಯವೇ. ಮೊದಲ ಒಂದೆರಡು ವರ್ಷ ಅಂಕವಿಲ್ಲದೆ ಮೌಖಿಕವಾಗಿ ನಡೆಸಿ ನೋಡಬಹುದೆಂಬುದು ನನ್ನ ಸಲಹೆ. ಪಠ್ಯಕ್ರಮ ಸಮಿತಿಗಳಲ್ಲಿರುವವರು ಇಲ್ಲಿಯೂ ಇದ್ದಾರೆ, ಅವರು ಇದನ್ನು ಚರ್ಚೆಗೆ ತೆಗೆದುಕೊಳ್ಳಲಿ ಎಂದು ಕೋರುತ್ತೇನೆ.